ಹಳೆಯ ಗಾರ್ಡನ್ ಟ್ರ್ಯಾಕ್ಟರ್: ಸವೆದ ಹಬ್, ಆಕ್ಸಲ್ ರಿಪೇರಿ

ಮುಂಭಾಗವನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಟಕಟಕ ಎಂದರೆ ಬುಷ್ (ಚಕ್ರದ ನಡುವಿನ ಹಬ್‌ನೊಳಗೆ ಕೂರುವ ಕೊಳವೆ) ಸವೆದಿದೆ. ಆದರೆ ಬುಷ್ ಮಾತ್ರ ಬದಲಿಸಿ ಕೈತೊಳೆದುಕೊಳ್ಳಬೇಡಿ. ಭಾರವೆಲ್ಲ ಸ್ಪಿಂಡಲ್‌ನ (ಚಕ್ರ ತಿರುಗುವ ದಂಡದ) ಅಡಿಭಾಗದ ಮೇಲೆ ಬೀಳುವುದರಿಂದ ಅದು ಒಂದೇ ಬದಿ ಸವೆಯುತ್ತದೆ. ಮೈಕ್ರೋಮೀಟರ್‌ನಲ್ಲಿ ಮೇಲೆ-ಕೆಳಗೆ, ಅಡ್ಡಡ್ಡ ಎರಡೂ ಅಳೆಯಿರಿ. ಮುಕ್ಕಾಲು ಇಂಚಿನ ಸ್ಪಿಂಡಲ್ 19.05 ಮಿ.ಮೀ. ಇರಬೇಕು. ಕಾಲು ಮಿ.ಮೀ. ಸವೆದಿದ್ದರೆ ವೆಲ್ಡ್ ತುಂಬಿಸಿ ಲೇತ್‌ನಲ್ಲಿ ಕಡೆಸಿ, ಇಲ್ಲವೇ ಬದಲಿಸಿ.

ಹಬ್‌ನ ರಂಧ್ರವೇ ಅಗಲವಾಗಿದ್ದರೆ 25.4 ಮಿ.ಮೀ.ಗೆ ಬೋರ್ ಮಾಡಿಸಿ ಕಂಚಿನ ಬುಷ್ ಒತ್ತಿ ಕೂರಿಸಿ. ಒತ್ತಿದಾಗ ಬುಷ್‌ನ ಒಳವ್ಯಾಸ ತುಸು ಕುಗ್ಗುತ್ತದೆ, ಹಾಗಾಗಿ ಕೊನೆಗೆ ರಂಧ್ರವನ್ನು ನಿಖರ ಅಳತೆಗೆ ತರುವ ರೀಮರ್ ಹಾಕಲೇಬೇಕು. 0.05ರಿಂದ 0.1 ಮಿ.ಮೀ. ಸಡಿಲ ಸಾಕು. ಗ್ರೀಸ್ ನಿಪ್ಪಲ್‌ನ ತೂತು ಬುಷ್‌ನಲ್ಲೂ ಕೊರೆಯಿರಿ. ಮರೆತರೆ ಗ್ರೀಸ್ ಒಳಗೆ ಹೋಗುವುದೇ ಇಲ್ಲ.

ಹಿಂದಿನ ಹಬ್‌ನಲ್ಲಿ ತೊಂದರೆ ಕೀಲಿಯದು (ಹಬ್ ಮತ್ತು ಆಕ್ಸಲ್ ಒಟ್ಟಿಗೆ ತಿರುಗುವಂತೆ ನಡುವೆ ಕೂರುವ ಲೋಹದ ತುಂಡು). ಸಡಿಲ ಕೀಲಿ ಪ್ರತಿ ಹಿಂದೆ-ಮುಂದೆ ಚಲನೆಗೂ ಕೀವೇಯನ್ನು (ತಾನು ಕೂರುವ ಗಾಡಿಯನ್ನು) ಬಡಿದು ಅಗಲಿಸುತ್ತದೆ. ತೀರಾ ಕೆಟ್ಟಿದ್ದರೆ ಆಕ್ಸಲ್‌ನ ಎದುರು ಬದಿಯಲ್ಲಿ, 180 ಡಿಗ್ರಿಗೆ, ಹೊಸ ಕೀವೇ ಕತ್ತರಿಸಿ. ತುಕ್ಕು ಹಿಡಿದ ಹಬ್‌ಗೆ ಹಿಂದಿನ ರಾತ್ರಿಯೇ ಪೆನಿಟ್ರೇಟಿಂಗ್ ಆಯಿಲ್ (ತುಕ್ಕು ಸಡಿಲಿಸುವ ಎಣ್ಣೆ) ಹಾಕಿ, ಹಬ್ ಎಳೆದು ತೆಗೆಯಲು ಪುಲ್ಲರ್ ಬಳಸಿ. ಆಕ್ಸಲ್ ತುದಿಗೆ ಸುತ್ತಿಗೆ ಏಟು ಬೇಡವೇ ಬೇಡ, ಆಕ್ಸಲ್ಲನ್ನು ಒಳಗೆ ಹಿಡಿದಿಡುವ ಸರ್ಕ್ಲಿಪ್ ಮುರಿದರೆ ಇಡೀ ಟ್ರಾನ್ಸಾಕ್ಸಲ್ (ಗೇರ್‌ಬಾಕ್ಸ್, ಆಕ್ಸಲ್ ಎರಡೂ ಸೇರಿದ ಪೆಟ್ಟಿಗೆ) ಬಿಚ್ಚಬೇಕಾದೀತು.