ಖಾಲಿ ಗಾಜೂ ಲೆಕ್ಕ ಕೊಟ್ಟಿತು

ಡೆಂಗಿ ಕಾಲದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಬೇಕಿದ್ದದ್ದು, ಇರುವ ಪ್ಲೇಟ್‌ಲೆಟ್ ಎಷ್ಟು ಅಂಟುತ್ತದೆ ಅನ್ನುವುದು. ಗಾಯಕ್ಕೆ ಅಂಟಿಯೇ ಅದು ರಕ್ತ ನಿಲ್ಲಿಸುವುದು.

ಮಡಿಕೇರಿಯ ನಮ್ಮ ಲ್ಯಾಬಿನಲ್ಲಿ ಶುರು ಮಾಡಿದ್ದೇ ಕಕ್ಕಡದ, ಅಂದರೆ ಕೊಡಗಿನ ಜುಲೈ-ಆಗಸ್ಟ್ ತಿಂಗಳ, ಮಳೆಯಲ್ಲಿ. ಹತ್ತು ದಿನದಿಂದ ಆಸ್ಪಿರಿನ್ (ಪ್ಲೇಟ್‌ಲೆಟ್ ಕೆಲಸ ಕುಂದಿಸುವ ಮಾತ್ರೆ) ಮುಟ್ಟದ ಸಹೋದ್ಯೋಗಿಯ ರಕ್ತವನ್ನು, ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಟ್ಯೂಬಿಗೆ ತೆಗೆದು, ಸೆಂಟ್ರಿಫ್ಯೂಜಿನಲ್ಲಿ 200 ಜಿ (ಗುರುತ್ವದ 200 ಪಟ್ಟು) ಬಲದಲ್ಲಿ 15 ನಿಮಿಷ ತಿರುಗಿಸಿದೆ. ಮೇಲೆ ನಿಂತ ಹಳದಿ ಪ್ಲಾಸ್ಮಾವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಹೊಗೆ ಸುಳಿದಂತೆ ಕಾಣಬೇಕು. ಪ್ಲೇಟ್‌ಲೆಟ್ ಇನ್ನೂ ಚಪ್ಪಟೆ ಬಿಲ್ಲೆಯಾಗಿಯೇ ಇದೆ ಅನ್ನಲು ಅದೇ ಗುರುತು. ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟು ನೋಡಿದರೆ ಸುಳಿ ಇಲ್ಲ. ಗೋಡೆಯ ಥರ್ಮಾಮೀಟರ್ 18 ಡಿಗ್ರಿ ತೋರಿಸುತ್ತಿತ್ತು. ಚಳಿಗೆ ಪ್ಲೇಟ್‌ಲೆಟ್ ದುಂಡಗಾಗಿ ಮುಳ್ಳು ಬಿಡುತ್ತದೆ. ಅಷ್ಟನ್ನೂ ಚೆಲ್ಲಿದೆ. ‘ಕೋಣೆಯ ತಾಪಮಾನದಲ್ಲಿಡಿ’ ಅಂತ ಬರೆದವರು ನಮ್ಮೂರಿನ ಜುಲೈ ಕಂಡವರಲ್ಲ.

ಮುಂದಿನ ಸಲ ಟ್ಯೂಬನ್ನು 22 ಡಿಗ್ರಿ ನೀರಿನಲ್ಲಿಟ್ಟೆ. ಕೆಲವು ಗಾಜಿಗೆ ಪ್ಲೇಟ್‌ಲೆಟ್ ಅಂಟುವ ಫೈಬ್ರಿನೋಜನ್ ಪ್ರೋಟೀನಿನ ಲೇಪ, ಕೆಲವಕ್ಕೆ ಅದು ಹೆಚ್ಚು ಅಂಟದ ಬರೀ ಅಲ್ಬುಮಿನ್. ಮೇಲೆ ಪ್ಲಾಸ್ಮಾ ಹಾಕಿ 37 ಡಿಗ್ರಿಯಲ್ಲಿ 45 ನಿಮಿಷ ಬಿಟ್ಟು, ಅಂಚಿನಿಂದ ಬಫರ್ ದ್ರಾವಣ ಹರಿಸಿ ಅಂಟದ್ದನ್ನು ತೊಳೆದು, ಅಂಟಿದ್ದು ಹಾಗೇ ನಿಲ್ಲಲು ಫಾರ್ಮಾಲ್ಡಿಹೈಡ್ ಹಾಕಿ, ಪ್ಲೇಟ್‌ಲೆಟ್ ಬೆಳಗುವಂತೆ ಫ್ಯಾಲಾಯ್ಡಿನ್ ಬಣ್ಣ ಕೊಟ್ಟೆ. ಸೂಕ್ಷ್ಮದರ್ಶಕದ ಚಿತ್ರಗಳನ್ನು, ಚಿತ್ರ ಅಳೆಯುವ ಫಿಜಿ ಸಾಫ್ಟ್‌ವೇರಿಗೆ ಹಾಕಿ, ಎಷ್ಟು ಬೆಳಗಿದರೆ ಪ್ಲೇಟ್‌ಲೆಟ್ ಅನ್ನುವ ಮಿತಿಯನ್ನು ತಾನೇ ಗೊತ್ತುಮಾಡುವ ಆಟೋ ಥ್ರೆಶೋಲ್ಡ್ ಒತ್ತಿದೆ. ಎರಡೂ ಬಗೆಯ ಗಾಜಿನಲ್ಲಿ ಹೆಚ್ಚುಕಡಿಮೆ ಒಂದೇ ಲೆಕ್ಕ!

ಟೆಕ್ನಿಷಿಯನ್ ಹುಡುಗ ಪರದೆಗೆ ಬಗ್ಗಿ, “ಮೇಡಂ, ಈ ಅಲ್ಬುಮಿನ್ ಗಾಜಲ್ಲಿ ನಾಲ್ಕೇ ಚುಕ್ಕೆ ಇರೋದು. ಇಷ್ಟು ಹೆಂಗೆ ಬಂತು?” ಅಂದ.

ಆಟೋ ಥ್ರೆಶೋಲ್ಡ್ ಪ್ರತಿ ಚಿತ್ರವನ್ನೂ ಕಪ್ಪು-ಬಿಳುಪು ಎಂದು ಪಾಲು ಮಾಡಿಯೇ ತೀರುತ್ತದೆ. ಬೆಳಗುವಂಥದ್ದು ಇಲ್ಲದಿದ್ದರೆ ಹಿನ್ನೆಲೆಯನ್ನೇ ಪಾಲು ಮಾಡುತ್ತದೆ. ನಮ್ಮ ದೀಪದ ಬೆಳಕು ನಡುವೆ ಜಾಸ್ತಿ, ಅಂಚಿಗೆ ಕಡಿಮೆ. ಆ ನಡುವಿನ ಮಬ್ಬನ್ನೇ ಅದು ಅಂಟಿದ ಪ್ಲೇಟ್‌ಲೆಟ್ ಅಂತ ಎಣಿಸಿತ್ತು. ಅಂದಿನಿಂದ ಎಲ್ಲ ಚಿತ್ರಕ್ಕೂ ಒಂದೇ ಎಕ್ಸ್‌ಪೋಶರ್. ಮೊದಲು ಹಿನ್ನೆಲೆ ಕಳೆಯುತ್ತೇನೆ, ಆಮೇಲೆ ಅಲ್ಬುಮಿನ್ ಗಾಜು ನೋಡಿ ಗೊತ್ತುಮಾಡಿದ ಒಂದೇ ಮಿತಿಯನ್ನು ಎಲ್ಲಕ್ಕೂ ಹಾಕುತ್ತೇನೆ.

ಎಣಿಕೆಗಿಂತ ಆವರಿಸಿದ ಜಾಗದ ಶೇಕಡಾವಾರನ್ನೇ ನಾನು ಹೆಚ್ಚು ನಂಬುತ್ತೇನೆ. ಎರಡು-ಮೂರು ಮೈಕ್ರಾನಿನ ಪ್ಲೇಟ್‌ಲೆಟ್ ಅಂಟಿದ ಮೇಲೆ ದೋಸೆ ಹಿಟ್ಟಿನ ಹಾಗೆ ಹರಡಿ ಪಕ್ಕದ್ದಕ್ಕೆ ತಾಗುತ್ತದೆ. ವಾಟರ್‌ಶೆಡ್ (ತಾಗಿಕೊಂಡದ್ದನ್ನು ಬಿಡಿಸುವ ಸಾಫ್ಟ್‌ವೇರ್ ಉಪಾಯ) ಹಾಕಿದರೆ ಕೈಕಾಲು ಚಾಚಿದ ಒಂದನ್ನೇ ಮೂರು ತುಂಡು ಮಾಡುತ್ತದೆ.

ಚೆಂದ ಕಂಡ ಕಡೆ ಫೋಟೊ ತೆಗೆಯುವ ಚಪಲ ನನಗೂ ಇದೆ. ಅದಕ್ಕೇ ಪ್ರತಿ ಗಾಜಿನ ಹತ್ತು ಜಾಗವನ್ನು ಕಣ್ಣಿಡುವ ಮೊದಲೇ ಗುರುತು ಹಾಕಿಕೊಳ್ಳುತ್ತೇನೆ. ಲೇಬಲ್ ಮೇಲೆ ಟೇಪು ಅಂಟಿಸಿ ನಂಬರ್ ಬರೆಯುವುದು ಆ ಹುಡುಗನ ಕೆಲಸ. ಲೆಕ್ಕ ಮುಗಿಯುವ ತನಕ ಯಾವುದು ಯಾವ ಗಾಜೆಂದು ನಾನು ಕೇಳಿದರೂ ಅವನು ಬಾಯಿ ಬಿಡುವುದಿಲ್ಲ.