ಪಿಪ್ ತಂದಿತ್ತು, ಆದರೆ ಯಾರ ಮನೆಗೆ?

ಒಂದು ಸಂಜೆ ಪೂರ್ತಿ ಒಂದೇ ಎರರ್ ನೋಡುತ್ತಾ ಕೂತಿದ್ದೆ. ಲೆಕ್ಕಾಚಾರಕ್ಕೆ ಬಳಸುವ ನಂಪೈ ಲೈಬ್ರರಿ ಸಿಗುತ್ತಿಲ್ಲ ಅಂತ ಪೈಥಾನ್ ಹೇಳುತ್ತಿತ್ತು. ಪೈಥಾನ್‌ಗೆ ಲೈಬ್ರರಿಗಳನ್ನು ತಂದು ಹಾಕುವ ಪಿಪ್‌ಗೆ 'ಪಿಪ್ ಇನ್‌ಸ್ಟಾಲ್' ಅಂತ ಇನ್ನೊಮ್ಮೆ ಕೊಟ್ಟರೆ, 'ಆಗಲೇ ಇದೆಯಲ್ಲಾ' ಅನ್ನುವ ಉತ್ತರ. ತಮಾಷೆ ಅಂದರೆ ಎರಡೂ ನಿಜವನ್ನೇ ಹೇಳುತ್ತಿದ್ದವು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ. ಅದರ ಜೊತೆಗೇ ಬರುವುದು ಪೈಥಾನ್ 3.10. ಟಾಮಲ್ ಅನ್ನುವ ಸೆಟ್ಟಿಂಗ್ಸ್ ಫೈಲ್ ಓದುವ ಟಾಮಲ್‌ಲಿಬ್ ಲೈಬ್ರರಿ 3.11ರಿಂದಷ್ಟೇ ಪೈಥಾನ್ ಒಳಗೇ ಇದೆ ಅಂತ ನಾನು 3.11 ಕೂಡ ಹಾಕಿಕೊಂಡಿದ್ದೆ. ಪ್ರೋಗ್ರಾಂ ಓಡಿಸುತ್ತಿದ್ದದ್ದು 3.11ರಲ್ಲಿ. ಪಿಪ್ ಮಾತ್ರ ಹಳೆಯ 3.10ರದ್ದು, ತಂದದ್ದನ್ನೆಲ್ಲ ಆ ಫೋಲ್ಡರಿಗೇ ತುಂಬುತ್ತಿತ್ತು. 'ಪಿಪ್ --ವರ್ಷನ್' ಅಂತ ಕೊಟ್ಟಿದ್ದರೆ ಸಾಲಿನ ಕೊನೆಯಲ್ಲಿ ಬ್ರಾಕೆಟ್ಟಿನೊಳಗೆ 3.10 ಕಾಣಿಸುತ್ತಿತ್ತು. ಕೊಡಲಿಲ್ಲ.

ಜಾಣತನ ಮಾಡಿ ನಂಪೈ ಫೋಲ್ಡರನ್ನೇ ಅಲ್ಲಿಂದ ಇಲ್ಲಿಗೆ ಕಾಪಿ ಮಾಡಿದೆ. ಬೇರೆ ಎರರ್ ಬಂತು! ಒಳಗಿದ್ದ .ಎಸ್‌ಒ ಫೈಲುಗಳ (ಮೊದಲೇ ಯಂತ್ರಭಾಷೆಗೆ ಬದಲಾಯಿಸಿಟ್ಟ ಕೋಡ್) ಹೆಸರಿನಲ್ಲೇ 'ಸಿಪೈಥಾನ್-310' ಅಂತ ಬರೆದಿತ್ತು. ಅವು 3.10ಕ್ಕೆ ಅಂತಲೇ ಕಂಪೈಲ್ ಆದವು, 3.11 ಅವನ್ನು ತಿರುಗಿಯೂ ನೋಡುವುದಿಲ್ಲ.

ಮುಂದಿನ ಎಡವಟ್ಟು ಇನ್ನೂ ದೊಡ್ಡದು. 'ಪೈಥಾನ್3' ಅನ್ನುವ ಹೆಸರನ್ನೇ 3.11ಕ್ಕೆ ತಿರುಗಿಸಿಬಿಟ್ಟೆ. ಪಿಪ್ ಸರಿಹೋಯಿತು, ನಂಪೈ ಬಂತು, ಖುಷಿಯಾಗಿ ಮಲಗಿದೆ. ಬೆಳಿಗ್ಗೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆಯಲೇ ಇಲ್ಲ. ಉಬುಂಟುವಿನಲ್ಲಿ ಗ್ನೋಮ್ ಟರ್ಮಿನಲ್ ಶುರುವಾಗುವುದೇ ಒಂದು ಪೈಥಾನ್ ಸ್ಕ್ರಿಪ್ಟಿನಿಂದ, ಅದಕ್ಕೆ ಬೇಕಾದ 'ಜಿಐ' ಲೈಬ್ರರಿ ಇರುವುದು 3.10ಕ್ಕೆ ಮಾತ್ರ. ನಂಪೈ ಕಥೆಯೇ, ಈ ಸಲ ಸಿಕ್ಕಿಬಿದ್ದದ್ದು ಟರ್ಮಿನಲ್. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ಎಲ್ಲ ಮೊದಲಿದ್ದಂತೆ ಮಾಡಿದೆ. ಸಿಸ್ಟಮ್ಮಿನ ಪೈಥಾನ್ ಸಿಸ್ಟಮ್ಮಿನದು, ಅದರ ತಂಟೆಗೆ ಮತ್ತೆ ಹೋಗಿಲ್ಲ.

ಈಗ ಬರೀ 'ಪಿಪ್' ಅಂತ ಟೈಪ್ ಮಾಡುವ ಅಭ್ಯಾಸವೇ ಬಿಟ್ಟಿದ್ದೇನೆ. ಪ್ರತಿ ಪ್ರಾಜೆಕ್ಟಿಗೂ 'ಪೈಥಾನ್3.11 -ಎಂ ವೆನ್ವ್ .ವೆನ್ವ್' ಅಂತ ಒಂದು ವೆನ್ವ್, ಅಂದರೆ ಆ ಪ್ರಾಜೆಕ್ಟಿಗೇ ಮೀಸಲಾದ ಪ್ರತ್ಯೇಕ ಪೈಥಾನ್ ಜಾಗ, ಮಾಡುತ್ತೇನೆ. ಉಬುಂಟುವಿನಲ್ಲಿ ಇದಕ್ಕೆ 'ಪೈಥಾನ್3.11-ವೆನ್ವ್' ಪ್ಯಾಕೇಜ್ ಬೇರೆಯಾಗಿ ಹಾಕಬೇಕು, ಮರೆತರೆ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಅದರೊಳಗಿನ ಪೈಥಾನ್‌ನಿಂದಲೇ '-ಎಂ ಪಿಪ್ ಇನ್‌ಸ್ಟಾಲ್'. ಯಾವ ಪೈಥಾನನ್ನು ಕರೆದೆವೋ ಅದಕ್ಕೇ ಲೈಬ್ರರಿ ಸೇರುತ್ತದೆ. ಟೈಪಿಂಗ್ ಸ್ವಲ್ಪ ಜಾಸ್ತಿ, ಅಷ್ಟೇ ಅಲ್ವಾ? ಉಬುಂಟು 24.04ರಲ್ಲಂತೂ ವೆನ್ವ್ ಇಲ್ಲದೆ ಪಿಪ್ ಓಡಿಸಿದರೆ ಅದೇ ತಡೆಯುತ್ತದೆ. ದಾಟಿಹೋಗಲು ಒಂದು ಆಪ್ಷನ್ ಇದೆ, ಅದರ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಟರ್ಮಿನಲ್ ಕಳೆದುಕೊಂಡವನಿಗೆ ಅದನ್ನು ಬಳಸುವ ಧೈರ್ಯ ಇಲ್ಲ.

ಇಷ್ಟಾದ ಮೇಲೂ ಮೊನ್ನೆ ನಾನು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ಅದೇ ಎರರ್. ಯಾವ ಪೈಥಾನ್ ಓಡುತ್ತಿದೆ ಅಂತ ಹೇಳುವ 'ಸಿಸ್.ಎಕ್ಸಿಕ್ಯೂಟಬಲ್' ಪ್ರಿಂಟ್ ಮಾಡಿ ನೋಡಿದೆ. ಎಡಿಟರ್ ಹಳೆಯ 3.10 ಹಿಡಿದು ಕೂತಿತ್ತು.