ಹಳೆಯ ಜೀಪಿನ ಸರಿಯುವ ಕಿಟಕಿಗಳ ಗಡಗಡ ಸದ್ದು ನಿಲ್ಲಿಸುವ ಬಗೆ

ಗಟ್ಟಿ ಚಾವಣಿಯ (ಹಾರ್ಡ್‌ಟಾಪ್) ಹಳೆಯ ಜೀಪಿನಲ್ಲಿ ಕಲಬುರಗಿಯಿಂದ ಶಹಾಬಾದಿನ ಕಡೆಗೆ ಹೊರಟರೆ, ಪಕ್ಕದಲ್ಲಿ ಕುಳಿತವರ ಮಾತು ಕೇಳಿಸದಷ್ಟು ಜೋರಾಗಿ ಕಿಟಕಿಯ ಗಾಜುಗಳು ಗಡಗಡಿಸುತ್ತವೆ. ಬಹಳ ಜನ ಬೆಂಕಿಪೆಟ್ಟಿಗೆಯನ್ನು ಹರಿದು, ಮಡಚಿ, ಸಂದಿಗೆ ತುರುಕಿ ಸುಮ್ಮನಾಗುತ್ತಾರೆ. ಮಳೆ ಬಿದ್ದೊಡನೆ ಆ ರಟ್ಟು ನೀರು ಕುಡಿದು, ಕೆಳಗಿನ ತಗಡಿಗೆ ತುಕ್ಕು ಹಿಡಿಸುತ್ತದೆ. ಸವೆಯುವುದು ಗಾಜಲ್ಲ, ಗಾಜು ಓಡಾಡುವ ತೋಡಿನ, ಅಂದರೆ ಚಾನೆಲಿನ, ಒಳಗಿರುವ ಫೆಲ್ಟ್ (ಒತ್ತಿದ ಉಣ್ಣೆಯ ದಪ್ಪ ಬಟ್ಟೆ) ಪಟ್ಟಿ. ಆದ್ದರಿಂದ ಪಟ್ಟಿಯನ್ನು ಬದಲಾಯಿಸದೆ ಮಾಡುವ ಯಾವ ಉಪಾಯವೂ ಬಹಳ ದಿನ ನಿಲ್ಲುವುದಿಲ್ಲ. 1959ರಲ್ಲಿ ಬಂದ ಮೊದಲ ಮಿನಿ ಕಾರಿನಲ್ಲಿಯೂ ಹಳೆಯ ಸೀರೀಸ್ ಲ್ಯಾಂಡ್ ರೋವರ್‌ಗಳಲ್ಲಿಯೂ ಕಿಟಕಿ ಹೀಗೆಯೇ ಅಕ್ಕಪಕ್ಕಕ್ಕೆ ಸರಿಯುತ್ತಿತ್ತು. ಬಿಚ್ಚುವ ರೀತಿ ಬೇರೆಯಾದರೂ ಅವುಗಳ ರೋಗವೂ ಮದ್ದೂ ಇವೇ.

ಮೊದಲು ಸದ್ದು ಎಲ್ಲಿಂದ ಬರುತ್ತದೆಂದು ಗೊತ್ತುಮಾಡಿಕೊಳ್ಳಬೇಕು. ಎಂಜಿನ್ ಚಾಲೂ ಇಟ್ಟು, ಗಾಜಿನ ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿ ನೋಡಿರಿ. ಕೆಳಗೆ ಒತ್ತಿದಾಗ ಸದ್ದು ನಿಂತರೆ ಕೆಳಗಿನ ಪಟ್ಟಿ ಹೋಗಿದೆ. ಎರಡು ಗಾಜುಗಳು ಒಂದರ ಮೇಲೊಂದು ಬರುವ ಕಡೆ ಒತ್ತಿದಾಗ ನಿಂತರೆ ಅವುಗಳ ನಡುವಿನ ಪಟ್ಟಿ ಉದುರಿದೆ. ಎಲ್ಲಿ ಒತ್ತಿದರೂ ನಿಲ್ಲದಿದ್ದರೆ ಇಡೀ ಚೌಕಟ್ಟಿನ ಸ್ಕ್ರೂಗಳೇ ಸಡಿಲಾಗಿವೆ.

ಚೌಕಟ್ಟು ಅಲ್ಯೂಮಿನಿಯಮ್ಮಿನದಾಗಿ ಸ್ಕ್ರೂ ಕಬ್ಬಿಣದ್ದಾಗಿದ್ದರೆ ಎರಡೂ ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ತಲೆಗೆ ಸರಿಯಾಗಿ ಕೂಡುವ ಸ್ಕ್ರೂಡ್ರೈವರಿನಿಂದ ನಿಧಾನವಾಗಿ ತಿರುಗಿಸಬೇಕು. ಮೇಲಿನ ಚಾನೆಲ್ ಆಳವಾಗಿದ್ದರೆ ಗಾಜನ್ನು ಮೇಲಕ್ಕೆತ್ತಿ ಕೆಳತುದಿಯನ್ನು ಹೊರಗೆಳೆದರೆ ಸಾಕು, ಇಲ್ಲವಾದರೆ ಚೌಕಟ್ಟಿನ ಪಕ್ಕದ ಪಟ್ಟಿಯನ್ನು ಬಿಚ್ಚಬೇಕಾಗುತ್ತದೆ. ಕೈಗವಸು ಹಾಕಿಕೊಳ್ಳುವುದನ್ನು ಮರೆಯಬಾರದು.

ಚಾನೆಲಿನಿಂದ ಹೊರಬರುವುದನ್ನು ಒಮ್ಮೆ ನೋಡಬೇಕು: ಎರೆಮಣ್ಣು, ತೊಗರಿಯ ಹೊಟ್ಟು, ಕಲ್ಲುಗಣಿಗಳ ಬಿಳಿಯ ಧೂಳು, ಇವೆಲ್ಲ ಮಳೆನೀರಿನಲ್ಲಿ ಕಲೆತು, ಬೇಸಿಗೆಯಲ್ಲಿ ಒಣಗಿ ಇಟ್ಟಿಗೆಯಂತಾಗಿರುತ್ತವೆ. ಇದನ್ನು ಹಳೆಯ ಫೆಲ್ಟಿನೊಂದಿಗೆ ಕೆರೆದು ತೆಗೆದು, ಕೆಳಗಿನ ಚಾನೆಲಿನಲ್ಲಿ ನೀರು ಇಳಿಯಲೆಂದು ಮಾಡಿದ ಸಣ್ಣ ತೂತುಗಳನ್ನು ತಂತಿಯಿಂದ ಚುಚ್ಚಿ ತೆರೆಯಬೇಕು. ಕಬ್ಬಿಣದ ಚಾನೆಲಾದರೆ ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಎಂಬ ತುಕ್ಕು ತಡೆಯುವ ಬಣ್ಣ ಬಳಿದು, ಪೂರ್ತಿ ಒಣಗಲು ಬಿಡಬೇಕು. ತುಕ್ಕಿನ ಮೇಲೆ ಅಂಟಿಸಿದ ಪಟ್ಟಿ ತುಕ್ಕಿನೊಂದಿಗೇ ಎದ್ದುಬರುತ್ತದೆ.

ಅಳತೆಯ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. ಗಾಜು 4 ಮಿ.ಮೀ. ದಪ್ಪವಿದ್ದು ಚಾನೆಲಿನ ಒಳ ಅಗಲ 9 ಮಿ.ಮೀ. ಇದ್ದರೆ, ಎರಡೂ ಬದಿಗೆ ಸೇರಿ 5 ಮಿ.ಮೀ. ಜಾಗ ಉಳಿಯುತ್ತದೆ; ಎರಡೂ ಬದಿಯ ಪಟ್ಟಿ ಸೇರಿ ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚು ದಪ್ಪವಿರಬೇಕು. ಫೆಲ್ಟ್ ನೀರು ಹಿಡಿಯುವುದರಿಂದ, ಒಳಮೈಗೆ ಮಖಮಲ್ಲಿನಂಥ ಲೇಪವಿರುವ ರಬ್ಬರ್ ಚಾನೆಲನ್ನೇ ನಾನು ಮೆಚ್ಚುತ್ತೇನೆ. ಎರಡು ಗಾಜುಗಳ ನಡುವಿನ ಸಂದಿಗೆ ಮನೆಯ ಅಲ್ಯೂಮಿನಿಯಮ್ ಕಿಟಕಿಗಳಿಗೆ ಹಾಕುವ ಕುಚ್ಚಿನ ಪಟ್ಟಿ ಚೆನ್ನಾಗಿ ಒಪ್ಪುತ್ತದೆ, ಬೆಲೆಯೂ ಕಡಿಮೆ.

ರಬ್ಬರನ್ನು ಎಳೆದು ಕೂರಿಸಿದರೆ ಮುಂದೆ ಅದು ಕುಗ್ಗಿ ಮೂಲೆಯಲ್ಲಿ ಸಂದಿ ಬಿಡುತ್ತದೆ. ಆದ್ದರಿಂದ ಮೂರ್ನಾಲ್ಕು ಮಿ.ಮೀ. ಹೆಚ್ಚಾಗಿಯೇ ಕತ್ತರಿಸಿ, ಒತ್ತಿ ಕೂರಿಸಬೇಕು. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಅಂಟು ಕೈಯಲ್ಲಿರುವಾಗಲೇ ಒಣಗುವುದರಿಂದ ಈ ಕೆಲಸ ಬೆಳಿಗ್ಗೆಯೇ ಮುಗಿಯಲಿ. ತೂತುಗಳಿರುವ ಕಡೆ ಪಟ್ಟಿಯನ್ನೂ ಕೊರೆಯಬೇಕು. ಮೊದಲ ಸಲ ನಾನು ಅವುಗಳ ಮೇಲೆಯೇ ಅಂಟಿಸಿಬಿಟ್ಟಿದ್ದೆ. ಮಳೆಗಾಲದಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಚಾನೆಲಿನಲ್ಲಿ ನಿಂತ ನೀರು ನನ್ನ ತೊಡೆಯ ಮೇಲೆ ಸುರಿಯುತ್ತಿತ್ತು.

ಗಾಜನ್ನು ಮರಳಿ ಕೂರಿಸುವಾಗ ಸ್ಕ್ರೂಗಳನ್ನು ಒಂದೇ ಕಡೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಚಿಲಕ ಗಾಜಿಗೆ ತಾಗುವಲ್ಲಿ ರಬ್ಬರ್ ವಾಷರ್ ಇಡಿರಿ. ಗಾಜು ಬಿಗಿಯಾಗಿ ಸರಿಯುತ್ತಿದ್ದರೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒರೆಸಿದರೆ ಸಾಕು. ಗ್ರೀಸು, ಎಣ್ಣೆ ಹಚ್ಚಿದರೆ ಧೂಳು ಮೆತ್ತಿಕೊಂಡು ವರ್ಷದೊಳಗೆ ಮತ್ತೆ ಅದೇ ಇಟ್ಟಿಗೆ ಕಟ್ಟುತ್ತದೆ. ಎರಡು ಬೆರಳಿಗೆ ಸರಿಯುವ, ಆದರೆ ಬ್ರೇಕ್ ಹಾಕಿದಾಗ ತಾನಾಗಿ ಸರಿಯದ ಗಾಜು ಸರಿಯಾಗಿ ಕೂತಿದೆ ಎಂದು ತಿಳಿಯಬಹುದು. ಕೊನೆಗೆ ಒಂದು ಚೊಂಬು ನೀರನ್ನು ಗಾಜಿನ ಮೇಲೆ ಸುರಿದು, ಅದು ತೂತುಗಳಿಂದ ಹೊರಬದಿಗೆ ಇಳಿಯುವುದನ್ನು ನೋಡಿಕೊಂಡೇ ಗಾಡಿಯನ್ನು ರಸ್ತೆಗೆ ಇಳಿಸಿರಿ.